ಒಲೆಯ ಪಾಲು

ಶೇಖ್ ಮುಜಲ್ಲಿಯ ಮನೆಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನದ ಊಟ ತಡವಾಯಿತು. ಇದನ್ನು ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ಯೆಮೆನಿನ ಆ ಉತ್ತರದ ಬೆಟ್ಟಗಳಲ್ಲಿ ಯುದ್ಧ ಶುರುವಾಗಿ ಮೂರು ವರ್ಷ ಕಳೆದಿತ್ತು. ಇಮಾಮನ ಆಳ್ವಿಕೆ ಹೋಗಿ ಗಣರಾಜ್ಯ ಬಂದಿತ್ತು. ಇಮಾಮನ ಕಡೆಯವರು ಗುಹೆಗಳಲ್ಲಿ ಕೂತು, ತಾವು ಹೋಗಿಯೇ ಇಲ್ಲ ಎನ್ನುತ್ತಿದ್ದರು. ರಸ್ತೆಗಳು ಕಿತ್ತಿದ್ದವು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಇಷ್ಟೆಲ್ಲದರ ನಡುವೆಯೂ ಆ ಐದಂತಸ್ತಿನ ಕಲ್ಲುಮನೆಯಲ್ಲಿ ಮಧ್ಯಾಹ್ನದ ನಮಾಜು ಮುಗಿಸಿ ಗಂಡಸರು ಕಾಲು ಮಡಚಿ ಕೂರುವಷ್ಟರಲ್ಲಿ ಊಟದ ತಟ್ಟೆ ಮುಂದಿರುತ್ತಿತ್ತು. ವಿಮಾನ ಬಂದು ದ್ರಾಕ್ಷಿತೋಟ ಸುಟ್ಟ ದಿನವೂ ತಟ್ಟೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಊಟವನ್ನು ಒಂದು ದಿನವೂ ತಡಮಾಡದ ಕೀರ್ತಿ ಶೇಖನ ಹೆಂಡತಿ ಸಾಬಿರಾಳದು. ಆ ಶುಕ್ರವಾರ ತಡಮಾಡಿದವಳೂ ಅವಳೇ.

ದ್ರಾಕ್ಷಿತೋಟ ಸುಟ್ಟಾಗ ಮುಜಲ್ಲಿ ಇಮಾಮನ ಕಡೆಗಿದ್ದ. ತೋಟ ಬೂದಿಯಾದ ಮರುವಾರ ಗಣರಾಜ್ಯದ ತತ್ವಗಳು ಅವನಿಗೆ ಮನವರಿಕೆಯಾದವು. ಅವನ ಹಿಂದೆ ಮುನ್ನೂರು ಬಂದೂಕುಗಳಿದ್ದುದರಿಂದ ಅವನ ಅಭಿಪ್ರಾಯಕ್ಕೆ ಬೆಲೆಯಿತ್ತು. ತಮ್ಮ ಹಿಜಾಮ್ ಮಾತ್ರ ಕಡೆ ಬದಲಿಸಲಿಲ್ಲ. ಎಂಬತ್ತು ಜನರನ್ನು ಕರೆದುಕೊಂಡು ಕಣಿವೆಯಾಚೆಯ ಗುಹೆಗಳಿಗೆ ಹೋದ. ಊರಿನವರು ಇದನ್ನು ಮನೆ ಒಡೆದದ್ದೆಂದು ಕರೆಯಲಿಲ್ಲ, ಮನೆತನದ ಜಾಣತನವೆಂದರು. ಯಾರು ಗೆದ್ದರೂ ಆ ಮನೆಯ ಒಂದು ಕಾಲು ಗೆದ್ದವರ ಚಾಪೆಯ ಮೇಲೆಯೇ ಇರುತ್ತದೆ. ಅಣ್ಣನ ಕಡೆಯವರೂ ತಮ್ಮನ ಕಡೆಯವರೂ ಕಣಿವೆಯ ಎರಡು ದಡಗಳಿಂದ ಬೆಳಿಗ್ಗೆ ಒಂದಿಷ್ಟು ಗುಂಡು ಹಾರಿಸುತ್ತಿದ್ದರು, ಮಧ್ಯಾಹ್ನ ಊಟಕ್ಕೆ ನಿಲ್ಲಿಸುತ್ತಿದ್ದರು. ಎರಡು ವರ್ಷದಲ್ಲಿ ಸತ್ತದ್ದು ಒಂದು ಕತ್ತೆ. ಅದೂ ಮೂರನೆಯವರದು.

ಈ ಹೊಂದಾಣಿಕೆ ಕೆಟ್ಟದ್ದು ಪಟ್ಟಣದ ರಸ್ತೆಯನ್ನು ಹಿಜಾಮ್ ಕಡಿದಾಗ. ಪಟ್ಟಣದ ಕೋಟೆಯಲ್ಲಿದ್ದ ಗಣರಾಜ್ಯದ ಕ್ಯಾಪ್ಟನ್ನಿಗೆ ಹಿಟ್ಟು ಬರುವುದು ನಿಂತಿತು. ಆತ ಮುಜಲ್ಲಿಯನ್ನು ಕರೆಸಿದ, ಚಹಾ ಕೊಟ್ಟ, ನಿಮ್ಮ ತಮ್ಮ ನನಗೆ ಬೇಕು ಎಂದ. ಮುಜಲ್ಲಿಯ ಹಿರಿಯ ಮಗ, ಹದಿನಾರರ ಜುಬ್ರಾನ್, ಹದಿನಾಲ್ಕು ತಿಂಗಳಿಂದ ಅದೇ ಕೋಟೆಯ ಶಾಲೆಯಲ್ಲಿದ್ದ. ಹೊರಗಿನಿಂದ ಬೀಗ ಹಾಕುವ ಶಾಲೆ. ಹಿಂದಿನ ಕಾಲದಲ್ಲಿ ಶೇಖುಗಳ ಮಕ್ಕಳನ್ನು ಹೀಗೆ ಹಿಡಿದಿಟ್ಟರೆ ಒತ್ತೆ ಎನ್ನುತ್ತಿದ್ದರು, ಕಾಲ ಸುಧಾರಿಸಿತ್ತು. ಅವನು ಸಿಕ್ಕರೆ ನಿಮ್ಮ ಮಗನ ವಿದ್ಯಾಭ್ಯಾಸ ಮುಗಿದ ಹಾಗೆಯೇ, ಎಂದು ಕ್ಯಾಪ್ಟನ್ ಚಹಾದ ಲೋಟ ಕೆಳಗಿಡುತ್ತ ಹೇಳಿದ.

ಮುಜಲ್ಲಿ ಹಿಂದಿರುಗಿ ಬಂದು ಮೂರು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಮೇಲಂತಸ್ತಿನ ಕೋಣೆಯಲ್ಲಿ ಗಂಡಸರೆಲ್ಲ ಖಾತ್ ಎಲೆ ಅಗಿಯುತ್ತ ಒರಗಿದ್ದಾಗ, ಊರಿನ ಕಟ್ಟಳೆ ಬಲ್ಲ ಮುದುಕ ಮುಖ್ಬಿಲನನ್ನು ಒಂದು ಪ್ರಶ್ನೆ ಕೇಳಿದ. ಒಬ್ಬಾತ ಇನ್ನೊಬ್ಬನ ಮನೆಗೆ ಬಂದ ಅಂತಿಟ್ಟುಕೊಳ್ಳಿ; ಮನೆಯವನು ಅಭಯದ ಮಾತು ಕೊಟ್ಟು ಕರೆದಿಲ್ಲ, ತಾನಾಗಿ ಬಂದ; ಬಂದವನು ನೀರು ಕುಡಿದ. ಅವನು ಅತಿಥಿಯೋ? ನೀರು ಕುಡಿದವನು ದಾರಿಹೋಕ, ಎಂದ ಮುಖ್ಬಿಲ್. ಕಾಫಿ ಸಿಪ್ಪೆಯ ಕಷಾಯ ಕುಡಿದರೆ? ಅವನೂ ದಾರಿಹೋಕನೇ, ಸ್ವಲ್ಪ ಕೂತ ದಾರಿಹೋಕ. ರೊಟ್ಟಿ ಮುರಿದರೆ? "ರೊಟ್ಟಿ ಮುರಿದ ಮೇಲೆ ಅವ್ನ ರಕ್ತ ನಿನ್ನ ರಕ್ತ. ಅವ್ನ ಮೈ ಮುಟ್ಟಿದ್ರೆ ಮುಖಕ್ಕೆ ಮಸಿ. ಹನ್ನೊಂದು ಎತ್ತು ಕಡಿದ್ರೂ ತೊಳೆಯೋದು ಕಷ್ಟ." ಮುಜಲ್ಲಿ ತಲೆಯಾಡಿಸಿ ಇನ್ನೊಂದು ಎಲೆ ಬಾಯಿಗಿಟ್ಟುಕೊಂಡ. ಯಾರ ವಿಷಯ ಎಂದು ಮುಖ್ಬಿಲ್ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಆಮೇಲೆ ಅವನೇ ಹೇಳಿದ.

ಮುಜಲ್ಲಿ ತಮ್ಮನನ್ನು ತಾನಾಗಿ ಕರೆಯಲಿಲ್ಲ. ತಾಯಿ ತುಹ್ಫಾಳ ಬಳಿ ಕೂತು, ನಿನ್ನ ಚಿಕ್ಕ ಮಗನನ್ನು ನೋಡಿ ಎಷ್ಟು ದಿನವಾಯಿತಮ್ಮಾ ಎಂದು ಕೇಳಿದ, ಅಷ್ಟೆ. ಎಪ್ಪತ್ತು ದಾಟಿದ ಮುದುಕಿ. ಕಣ್ಣು ಮಂಜು, ನಾಲಿಗೆ ಚುರುಕು. ಎರಡು ವರ್ಷ ಮೂರು ತಿಂಗಳು ಎಂದಳು. ಮರುದಿನವೇ ಊರಿನ ಕ್ಷೌರಿಕನನ್ನು ಕಣಿವೆಯಾಚೆಗೆ ಅಟ್ಟಿದಳು. ಕ್ಷೌರಿಕನಿಗೆ ಎರಡೂ ಕಡೆ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಎರಡೂ ಕಡೆಯವರಿಗೂ ಗಡ್ಡವಿತ್ತು. ಅವನು ಹಿಂದಿರುಗಿ ಹೇಳಿದ್ದು ಇಷ್ಟು: ಹಿಜಾಮ್ ಮೊದಲು, ಅಣ್ಣ ಏನಂದ ಎಂದು ಕೇಳಿದ. ಅಣ್ಣ ಏನೂ ಅನ್ನಲಿಲ್ಲ, ಅಮ್ಮ ಕರೆದಿದ್ದಾಳೆ ಎಂದಾಗ ನಕ್ಕು, "ಹಾಗಾದ್ರೆ ಅಮ್ಮನ ರೊಟ್ಟೀನೇ ನಂಗೆ ಮಾತು. ಶುಕ್ರವಾರ ಊಟಕ್ಕೆ ಬರ್ತೀನಿ ಅನ್ನು" ಎಂದ.

ಮುದುಕಿ ಅಂದಿನಿಂದ ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಜೇನಿನ ಡಬ್ಬಿ ತೆಗೆಸಿದಳು, ತುಪ್ಪ ಮೂಸಿದಳು. ತೆಳ್ಳಗೆ ಲಟ್ಟಿಸಿದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೇಯಿಸಿ ತುಪ್ಪ ಜೇನು ಸುರಿಯುವ ಪದರದ ರೊಟ್ಟಿಯೇ ಆಗಬೇಕು, ಒಂದು ಪದರ ಕಡಿಮೆಯಾದರೂ ತನಗೆ ಗೊತ್ತಾಗುತ್ತದೆ ಎಂದು ಸೊಸೆಯನ್ನು ಎಚ್ಚರಿಸಿದಳು. "ಎಣಿಸೋಕೆ ಕಣ್ಣು ಕಾಣ್ಬೇಕಲ್ಲ ಅತ್ತೆ" ಎಂದಳು ಸಾಬಿರಾ. "ನಾಲಿಗೆ ಎಣಿಸ್ತದೆ ಕಣೇ, ನೀನು ಲಟ್ಟಿಸು" ಎಂದಳು ಮುದುಕಿ. ಅತ್ತೆ ಸೊಸೆ ಇಪ್ಪತ್ತು ವರ್ಷದಿಂದ ಹೀಗೆಯೇ ಇದ್ದರು. ಆ ಮನೆಯಲ್ಲಿ ಅದಕ್ಕಿಂತ ಗಟ್ಟಿಯಾದ ಸ್ನೇಹ ಬೇರೊಂದಿರಲಿಲ್ಲ.

ಗುರುವಾರ ಮಧ್ಯಾಹ್ನ ಮುಜಲ್ಲಿ ಜೋಳದ ಉಗ್ರಾಣಕ್ಕೆ ಬಂದ. ಅಲ್ಲಿಗೆ ಅವನು ಮದುವೆಯಾದ ವರ್ಷ ಬಂದದ್ದು ಬಿಟ್ಟರೆ ಇದೇ ಮೊದಲ ಸಲ. ಸಾಬಿರಾ ಮೊರದಲ್ಲಿ ಜೋಳ ಕೇರುತ್ತಿದ್ದಳು.

"ನಾಳೆ ಊಟ ತಡ ಆಗ್ಲಿ."

"ಯಾಕೆ ಜುಬ್ರಾನನಪ್ಪ? ನಿಮ್ಮ ತಮ್ಮ ಬರ್ತಾರೆ ಅಂತ ಅತ್ತೆ ಕುಣೀತಿದಾರೆ."

"ಅದಕ್ಕೇ. ಕ್ಯಾಪ್ಟನ್ ಜೀಪು ಬರೋವರ್ಗೂ ತಟ್ಟೆ ಮೇಲೆ ಬರ್ಬಾರ್ದು. ರೊಟ್ಟಿ ಅಲ್ಲ, ಒಂದು ಖರ್ಜೂರನೂ ಅಲ್ಲ. ತಿಂದ ಮೇಲೆ ಅತಿಥಿ. ತಿನ್ನದಿದ್ರೆ ಬರೀ ಶತ್ರು."

"ನಿಮ್ಮ ತಮ್ಮ."

"ಅದು ಇದ್ದೇ ಇದೆ."

ಸಾಬಿರಾ ಮೊರ ಕೆಳಗಿಟ್ಟಳು. ಅವರನ್ನು ಏನು ಮಾಡುತ್ತಾರೆ ಎಂದು ಕೇಳಿದಳು. ಶಾಲೆಗೆ ಸೇರಿಸುತ್ತಾರೆ ಎಂದು ಅವನು ಹೇಳಿ ಒಬ್ಬನೇ ನಕ್ಕ. ನಗು ಬೇಗ ಮುಗಿಯಿತು. ಆಮೇಲೆ ಗೋಡೆ ನೋಡಿಕೊಂಡು, "ಜುಬ್ರಾನ್ ಬರ್ತಾನೆ" ಎಂದ.

ಹದಿನಾಲ್ಕು ತಿಂಗಳಿಂದ ಆ ಹೆಂಗಸು ಪ್ರತಿದಿನ ಮಗನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಸಂಜೆ ಮಡಚಿಡುತ್ತಿದ್ದಳು. ಅವಳು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಒಲೆ ತಡವಾಗಿ ಹಚ್ಚಲೋ, ಹಚ್ಚಿ ಆರಿಸಲೋ ಎಂದು ಕೇಳಿದಳು. ಅದು ಅಡುಗೆಮನೆಯ ವಿಷಯ, ತನಗೆ ತಿಳಿಯದು ಎಂದು ಮುಜಲ್ಲಿ ಎದ್ದು ಹೋದ. ಅವನು ಹೇಳಿದ್ದು ನಿಜ. ಎಲ್ಲವನ್ನೂ ಲೆಕ್ಕ ಹಾಕಿದ್ದ ಶೇಖನಿಗೆ ಅಡುಗೆಮನೆಯ ವಿಷಯ ತಿಳಿಯದು.

ತಿಳಿಯದೇ ಇದ್ದ ವಿಷಯ ಇದು. ಕೊಡದ ಆಕಾರದ ಆ ಮಣ್ಣಿನ ಒಲೆ ಕಾದಾಗಲೆಲ್ಲ, ಕಾವು ನೋಡಲೆಂದು ಒಳಗೋಡೆಗೆ ಮೊದಲು ಒಂದೇ ಒಂದು ರೊಟ್ಟಿ ಬಡಿಯುತ್ತಾರೆ. ಅದು ಊಟದ ತಟ್ಟೆಗೆ ಹೋಗುವುದಿಲ್ಲ. ಅದಕ್ಕೆ ಒಲೆಯ ಪಾಲು ಎಂದು ಹೆಸರು. ಬಾಗಿಲಲ್ಲಿ ಯಾರಿದ್ದರೆ ಅವರಿಗೆ, ಮಗುವೋ ಭಿಕ್ಷುಕನೋ ನಾಯಿಯೋ, ಹರಿದು ಕೊಟ್ಟುಬಿಡುತ್ತಾರೆ. ಗಂಡಸರು ಮೇಲಿನ ಕೋಣೆಯಲ್ಲಿ ಕೂತಿರುವುದರಿಂದ ಅಂಥದೊಂದು ರೊಟ್ಟಿ ಇದೆಯೆಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಶುಕ್ರವಾರ ಹಿಜಾಮ್ ಇಬ್ಬರನ್ನು ಕರೆದುಕೊಂಡು ಬಂದ. ಬಂದೂಕನ್ನು ಬಾಗಿಲಲ್ಲಿ ಗೂಟಕ್ಕೆ ನೇತುಹಾಕಿ, ಅಣ್ಣನ ಭುಜಕ್ಕೆ ಮುತ್ತಿಟ್ಟು, ಮೇಲೆ ಹೋಗದೆ ನೇರ ಅಡುಗೆಮನೆಗೆ ನುಗ್ಗಿದ. ಮುದುಕಿ ಅವನ ಮುಖವನ್ನು ಎರಡು ಕೈಯಲ್ಲೂ ಸವರಿ, ಗುಹೆಯಲ್ಲಿ ಬಾವಲಿ ತಿನ್ನುತ್ತೀಯಾ ಹೇಗೆ, ಮೂಳೆ ಮುಟ್ಟುತ್ತದಲ್ಲೋ ಎಂದಳು. ಸಾಬಿರಾ ಆಗ ಒಲೆ ಆರಿಸಲೆಂದು ನೀರಿನ ಚೊಂಬು ಪಕ್ಕದಲ್ಲಿಟ್ಟುಕೊಂಡಿದ್ದಳು. ಆದರೆ ಒಲೆ ಕಾದಿತ್ತು, ಹಿಟ್ಟು ನಾದಿತ್ತು, ಕೈಗೆ ಇಪ್ಪತ್ತು ವರ್ಷದ ಅಭ್ಯಾಸವಿತ್ತು. ಕೈ ತಾನೇ ಒಂದು ರೊಟ್ಟಿ ತಟ್ಟಿ ಒಲೆಗೆ ಬಡಿದುಬಿಟ್ಟಿತ್ತು. ಅದು ಉಬ್ಬುವುದನ್ನು ನೋಡುತ್ತ ಅವಳು ನಿಂತಿದ್ದಳು. ಮುದುಕಿ ವಾಸನೆ ಹಿಡಿದು ಕೈ ಚಾಚಿದಳು, ಸಾಬಿರಾ ಕೊಟ್ಟಳು. ಮುದುಕಿ ಅದನ್ನು ಹರಿದು ತುಪ್ಪದಲ್ಲದ್ದಿ ಮಗನ ಬಾಯಿಗಿಟ್ಟಳು. ಹಿಜಾಮ್ ನಿಂತಲ್ಲೇ ಅಗಿದು ನುಂಗಿ, ಗಡ್ಡ ಒರೆಸಿಕೊಂಡು, "ಅತ್ತಿಗೆ ಕೈ ಇನ್ನೂ ಹಾಗೇ ಇದೆ" ಎಂದ. ಜೇನಿನ ಡಬ್ಬಿ ಹೊತ್ತು ಬಾಗಿಲಲ್ಲಿ ನಿಂತಿದ್ದ ಸಾಬಿರಾಳ ಎಂಟು ವರ್ಷದ ಮಗಳು ಲುತ್ಫಿಯಾ, ತನಗೂ ಬೇಕೆಂದಳು. ಉಳಿದಿರಲಿಲ್ಲ.

ಅಲ್ಲಿಗೆ ಕೆಲಸ ಕೆಟ್ಟಿತು, ಅಥವಾ ಉಳಿಯಿತು. ಸಾಬಿರಾ ಮೆಟ್ಟಿಲು ಹತ್ತಿ ಗಂಡನ ಕಿವಿಯಲ್ಲಿ, ಅವರು ತಿಂದುಬಿಟ್ಟರು ಎಂದಿದ್ದರೆ ಸಾಕಿತ್ತು. ಹದಿನೆಂಟು ಮೆಟ್ಟಿಲು. ಅವಳು ಚೊಂಬು ಎತ್ತಿ ಕೆಂಡದ ಮೇಲೆ ಸುರಿದಳು.

ಊಟ ತಡವಾಯಿತು. ನಮಾಜು ಮುಗಿಯಿತು, ತಟ್ಟೆ ಬರಲಿಲ್ಲ. ಸೌದೆ ಹಸಿ ಎಂದು ಸಾಬಿರಾ ಹೇಳಿಕಳಿಸಿದಳು. ಮುದುಕಿ ಬಂದು, ಹಸಿ ಸೌದೆ ಮನೆಯೊಳಗೆ ತಂದವರು ಯಾರು, ನಿನ್ನ ಅಪ್ಪನ ಮನೆಯಲ್ಲಿ ಹೀಗೇನಾ ಎಂದು ಶುರುಮಾಡಿದಳು. ಆರಿದ ಒಲೆಯನ್ನು ತಾನೇ ಊದಲು ಬಗ್ಗಿ ಕೆಮ್ಮಿದಳು. ಮೇಲೆ ಹಿಜಾಮ್, ಗಣರಾಜ್ಯದಲ್ಲಿ ಊಟ ರದ್ದಾಗಿದೆಯೇ ಎಂದು ತಮಾಷೆ ಮಾಡಿದನಂತೆ. ಎಲ್ಲರೂ ನಕ್ಕರಂತೆ, ಮುಜಲ್ಲಿ ಎಲ್ಲರಿಗಿಂತ ಜಾಸ್ತಿ. ಜೀಪಿಗೆ ದಾರಿಯಲ್ಲಿ ಚಕ್ರ ಕೆಟ್ಟಿತ್ತು. ಒಂದು ಗಂಟೆಗೆ ಬರಬೇಕಾದದ್ದು ಎರಡೂವರೆಗೆ ಬಂತು. ಆ ಒಂದೂವರೆ ಗಂಟೆಯಲ್ಲಿ ಸಾಬಿರಾ ಮೂರು ಸಲ ಒಲೆ ಹಚ್ಚಿ ಮೂರು ಸಲ ಆರಿಸಿದಳು.

ಜೀಪಿನ ಸದ್ದು ಕೇಳಿದಾಗ ಅವಳು ಮೊದಲು ಕಿಟಕಿಗೆ ಓಡಿದಳು. ಕ್ಯಾಪ್ಟನ್ ಇಳಿದ, ಆರು ಸೈನಿಕರು ಇಳಿದರು. ಜುಬ್ರಾನ್ ಇಳಿಯಲಿಲ್ಲ.

ಮೆಟ್ಟಿಲಲ್ಲಿ ಗದ್ದಲವಾಯಿತು, ಬಹಳ ಹೊತ್ತಲ್ಲ. ಹಿಜಾಮನ ಜೊತೆ ಬಂದಿದ್ದ ಇಬ್ಬರನ್ನು ಸೈನಿಕರು ಕಣಿವೆಯ ಕಡೆ ಅಟ್ಟಿದರು. ಹಿಜಾಮನ ಕೈ ಕಟ್ಟಿ ಕೆಳಗೆ ತರುವಾಗ ಅವನು ಕೂಗಾಡುತ್ತಿರಲಿಲ್ಲ. ಕಟ್ಟಳೆ ವಿವರಿಸುವವನ ಹಾಗೆ ಅಣ್ಣನಿಗೆ ಹೇಳುತ್ತಿದ್ದ.

"ಅಣ್ಣ, ನಾನು ಈ ಮನೆ ರೊಟ್ಟಿ ತಿಂದಿದೀನಿ."

"ತಟ್ಟೆ ಇನ್ನೂ ಮೇಲೇ ಬಂದಿಲ್ಲ. ನೀನೇ ನಗ್ತಿದ್ದೆ."

"ಅಡುಗೆಮನೇಲಿ ತಿಂದೆ. ಅಮ್ಮ ಕೊಟ್ಟಳು. ಅತ್ತಿಗೆ ನೋಡಿದಾರೆ." ಬಾಗಿಲ ಮುಂದೆ ಬಂದಾಗ ಕಾಲೂರಿ ನಿಂತ. "ಅತ್ತಿಗೆ, ಹೇಳಿ."

ಎಲ್ಲರೂ ಅಡುಗೆಮನೆಯೊಳಕ್ಕೆ ನೋಡಿದರು. ಮುಜಲ್ಲಿಯೂ ನೋಡಿದ. ಅವನ ಮುಖದಲ್ಲಿ ನಿಜವಾದ ದಿಗಿಲಿತ್ತು.

"ನಾನು ಒಲೆ ಕಡೆ ನೋಡ್ತಿದ್ದೆ" ಎಂದಳು ಸಾಬಿರಾ.

ಮುದುಕಿ ಮಂಜುಗಣ್ಣನ್ನು ಸೊಸೆಯ ದನಿ ಬಂದ ಕಡೆ ತಿರುಗಿಸಿ ಹಾಗೇ ನಿಂತಳು. ಹಿಜಾಮನನ್ನು ಜೀಪಿನಲ್ಲಿ ಕೂರಿಸಿದ ಮೇಲೆ ಕ್ಯಾಪ್ಟನ್, ಇಷ್ಟು ದೂರ ಬಂದಿದ್ದೇವೆ ಎಂದ; ಶೇಖನ ಮನೆಗೆ ಬಂದವರನ್ನು ಹಸಿದು ಕಳಿಸುವ ಪದ್ಧತಿಯಿಲ್ಲ. ಸಾಬಿರಾ ನಾಲ್ಕನೆಯ ಸಲ ಒಲೆ ಹಚ್ಚಿದಳು. ಪದರದ ರೊಟ್ಟಿ ನಡುವೆ ಹಸಿಯಾಗಿತ್ತು. ಕ್ಯಾಪ್ಟನ್ ಎರಡು ಸಲ ಹಾಕಿಸಿಕೊಂಡು ಬಹಳ ಚೆನ್ನಾಗಿದೆ ಎಂದ.

ಮುದುಕಿ ಅಂದೇ ಸಂಜೆಗೆ ಮುಂಚೆ ತನ್ನ ಹಾಸಿಗೆ ಸುತ್ತಿಕೊಂಡು ಕೆಳಗಿನ ಅಂತಸ್ತಿಗೆ, ಹಸು ಕಟ್ಟುವ ಕಡೆಗೆ ಇಳಿದಳು. ಮೂರು ಕಲ್ಲಿಟ್ಟು ಒಲೆ ಹೂಡಿದಳು. ಒಬ್ಬಳಿಗೆ ಬೇಕಾದ ಜೋಳದ ಮುದ್ದೆ ತಾನೇ ತೊಳಸತೊಡಗಿದಳು. ಮುಜಲ್ಲಿ ಹೋಗಿ ಕಾಲು ಹಿಡಿದ. ಹಸುವಿನ ಜೊತೆ ಇರುವುದು ನನಗೇನೂ ಕಷ್ಟವಿಲ್ಲ, ಅದು ಹುಲ್ಲು ತಿಂದ ಮನೆಗೆ ಹಾಲು ಕೊಡುತ್ತದೆ ಎಂದಳು.

ಮರುವಾರ ಮುಖ್ಬಿಲನ ಅಂಗಳದಲ್ಲಿ ಪಂಚಾಯ್ತಿ ಸೇರಿತು. ಮುಜಲ್ಲಿ ಖುರಾನಿನ ಮೇಲೆ ಕೈಯಿಟ್ಟು, ತನಗೆ ತಿಳಿದ ಮಟ್ಟಿಗೆ ತಮ್ಮ ತನ್ನ ಮನೆಯಲ್ಲಿ ತುತ್ತು ತಿಂದಿಲ್ಲ ಎಂದು ಪ್ರಮಾಣ ಮಾಡಿದ. ತುಹ್ಫಾ, ತಿಂದ, ನಾನೇ ತಿನ್ನಿಸಿದೆ ಎಂದಳು. ತಾಯಿಯ ಸಾಕ್ಷಿ ಮಗನಿಗೆ ನಡೆಯುವುದಿಲ್ಲ, ಇನ್ನೊಬ್ಬರು ಬೇಕು ಎಂದ ಮುಖ್ಬಿಲ್. ಸಾಬಿರಾಳನ್ನು ಕರೆದರು. ಬಾಗಿಲ ಪರದೆಯ ಹಿಂದೆ ನಿಂತು ಅವಳು ಒಲೆಯ ಮಾತನ್ನೇ ಮತ್ತೆ ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಸುಲಭವಾಗಿತ್ತು. ಅವಳಿಗೆ ಆಶ್ಚರ್ಯವಾದದ್ದು ಅದೇ. ಮುಖ್ಬಿಲ್ ಗಡ್ಡ ನೀವುತ್ತ ಸುಮಾರು ಹೊತ್ತು ಪರದೆ ನೋಡಿದ. ಸಾಕ್ಷಿಯಿಲ್ಲ, ತೀರ್ಪಿಲ್ಲ ಎಂದ.

ಮಾರನೆಯ ದಿನ ಜುಬ್ರಾನ್ ನಡೆದುಕೊಂಡೇ ಬಂದ. ಎತ್ತರವಾಗಿದ್ದ, ಮೀಸೆ ಮೂಡಿತ್ತು, ಕೆಮ್ಮುತ್ತಿದ್ದ. ಸಾಬಿರಾ ಅವನನ್ನು ತಬ್ಬಿ ಅತ್ತಳು, ಸ್ನಾನಕ್ಕೆ ನೀರು ಕಾಯಿಸಿದಳು, ಕೋಳಿ ಕಡಿಸಿದಳು, ಮೆಂತ್ಯ ನೊರೆಗಟ್ಟುವವರೆಗೆ ಕಡೆದಳು. ಊಟಕ್ಕೆ ಎಲ್ಲರೂ ಕೂತರು, ಮುದುಕಿಯೊಬ್ಬಳನ್ನು ಬಿಟ್ಟು. ಅಜ್ಜಿ ಎಲ್ಲಿ ಎಂದು ಜುಬ್ರಾನ್ ಕೇಳಿದ. ಮುಜಲ್ಲಿ, ವಯಸ್ಸಾಯಿತು, ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ ಎಂದ. ಹುಡುಗ ತಲೆಯಾಡಿಸಿ, ರೊಟ್ಟಿ ಮುರಿಯುತ್ತ, ಒಣದ್ರಾಕ್ಷಿಗಾಗಿ ಅಪ್ಪನಿಗೆ ಋಣಿ ಎಂದ.

"ಯಾವ ಒಣದ್ರಾಕ್ಷಿ?" ಎಂದ ಮುಜಲ್ಲಿ.

"ತಿಂಗ್ಳು ತಿಂಗ್ಳು ಕಳಿಸ್ತಿದ್ರಲ್ಲ ಅಪ್ಪ, ಕ್ಷೌರಿಕನ ಕೈಲಿ. ಅದಿಲ್ದಿದ್ರೆ ಆ ಚಳೀಲಿ ನಾನು ಉಳೀತಿರ್ಲಿಲ್ಲ. ಕಾವಲಿನೋರಿಗೂ ಒಂದು ಹಿಡಿ ಕೊಟ್ರೆ ಹೊರಗೆ ಬಿಸಿಲಿಗೆ ಬಿಡ್ತಿದ್ರು."

ಅವರ ತೋಟ ಸುಟ್ಟು ಎರಡು ವರ್ಷ ದಾಟಿತ್ತು. ದ್ರಾಕ್ಷಿ ಉಳಿದಿದ್ದದ್ದು ಕಣಿವೆಯಾಚೆ ಮಾತ್ರ. ಹುಡುಗ ಒಬ್ಬೊಬ್ಬರ ಮುಖವನ್ನೂ ನೋಡಿದ. ಚಿಕ್ಕಪ್ಪ ಎಲ್ಲಿ ಎಂದು ಆಮೇಲೆ ಕೇಳಿದ. ಅದಕ್ಕೆ ಉತ್ತರ ಕೊಟ್ಟವಳು ಲುತ್ಫಿಯಾ.

"ಅವ್ರನ್ನ ಜೀಪಲ್ಲಿ ಕರ್ಕೊಂಡು ಹೋದ್ರು. ಪಾಪ, ಊಟನೂ ಮಾಡ್ಲಿಲ್ಲ. ಒಲೆ ರೊಟ್ಟಿ ಮಾತ್ರ ತಿಂದ್ರು. ಅಜ್ಜಿ ತುಪ್ಪ ಹಚ್ಚಿ ಕೊಟ್ರು. ನಂಗೆ ಕೊಡ್ಲೇ ಇಲ್ಲ."

ಸಾಬಿರಾ ಕೈಯೆತ್ತಿ ಮಗಳ ಕೆನ್ನೆಗೆ ಹೊಡೆದಳು. ಹೊಡೆದ ಮೇಲೆ, ಹೊಡೆಯಬಾರದಿತ್ತು ಎಂದು ಗೊತ್ತಾಯಿತು. ಮಗು ಸುಳ್ಳು ಹೇಳಿದ್ದರೆ ಅಷ್ಟು ಜೋರಾಗಿ ಯಾರೂ ಹೊಡೆಯುವುದಿಲ್ಲ.

ಆಮೇಲೆ ಮುಜಲ್ಲಿ ಅಡುಗೆಮನೆಗೆ ಬಂದ. ಒಲೆಯನ್ನು ಮೊದಲ ಸಲ ನೋಡುವವನಂತೆ ನೋಡುತ್ತ, "ತಿಂದನಾ?" ಎಂದ.

"ತಿಂದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಜೀಪು ವಾಪಸ್ ಕಳಿಸ್ತಿದ್ರಾ?"

"ಕಳಿಸ್ತಿದ್ದೆ."

ಕಳಿಸುತ್ತಿದ್ದನೋ ಇಲ್ಲವೋ, ಅವನಿಗೂ ಗೊತ್ತಿರಲಿಲ್ಲ. ತಾನು ಖುರಾನಿನ ಮೇಲೆ ಕೈಯಿಟ್ಟದ್ದನ್ನು ನೆನಪಿಸಿದ. ತಮ್ಮನನ್ನು ಹಿಡಿದುಕೊಟ್ಟದ್ದನ್ನು ನೆನಪಿಸಲಿಲ್ಲ. ಇನ್ನು ಈ ಮಾತು ಈ ಮನೆಯ ಗೋಡೆ ದಾಟಬಾರದು, ದಾಟಿದರೆ ಮುನ್ನೂರು ಬಂದೂಕಿನಲ್ಲಿ ಮೂರೂ ಉಳಿಯುವುದಿಲ್ಲ ಎಂದ. ಸಾಬಿರಾ ಪಾತ್ರೆ ತೊಳೆಯುತ್ತಿದ್ದಳು.

ಮರುದಿನದಿಂದ ಜುಬ್ರಾನ್ ಊಟಕ್ಕೆ ಮೇಲೆ ಬರಲಿಲ್ಲ. ಕೆಳಗೆ ಅಜ್ಜಿಯ ಜೊತೆ ಮುದ್ದೆ ತಿಂದ. ಸಾಬಿರಾ ತಟ್ಟೆ ಕಳಿಸಿದಳು. ಮುಚ್ಚಿದ ಹಾಗೇ ಹಿಂದಕ್ಕೆ ಬಂತು. ಮಾಂಸ ಕಳಿಸಿದಳು, ಅದೂ ಬಂತು. ಬಂದದ್ದನ್ನು ಲುತ್ಫಿಯಾ ತಿಂದು ವಾರದಲ್ಲಿ ಕೆನ್ನೆ ತುಂಬಿಕೊಂಡಳು. ಹೊರಗಿನವರೂ ಒಬ್ಬೊಬ್ಬರಾಗಿ ನಿಂತರು. ಕ್ಷೌರಿಕ ಶೇಖನ ತಲೆ ಬೋಳಿಸಿ, ಕಷಾಯ ಬೇಡ, ಹೊಟ್ಟೆ ಸರಿಯಿಲ್ಲ ಎಂದ. ಖಾತ್ ಅಗಿಯಲು ಬರುತ್ತಿದ್ದವರು ತಮ್ಮ ಎಲೆಯ ಜೊತೆ ತಮ್ಮ ನೀರನ್ನೂ ತಂದುಕೊಂಡರು, ಆಮೇಲೆ ಬರುವುದನ್ನೇ ಬಿಟ್ಟರು. ಬೆಳಿಗ್ಗೆ ಕೆಂಡ ಕೇಳಲು ಬರುತ್ತಿದ್ದ ಪಕ್ಕದ ಮನೆಯವಳು ದೂರದ ಇನ್ನೊಂದು ಮನೆಗೆ ಹೋಗುವುದನ್ನು ಸಾಬಿರಾ ಕಿಟಕಿಯಿಂದ ನೋಡಿದಳು. ತೀರ್ಪು ಇರಲಿಲ್ಲ ನಿಜ. ಊರಿಗೆ ತೀರ್ಪು ಬೇಕಾಗಿರಲಿಲ್ಲ.

ಒಂದು ದಿನ ಅವಳೇ ತಟ್ಟೆ ಹಿಡಿದು ಕೆಳಗಿಳಿದಳು. ಜುಬ್ರಾನ್ ಹಸುವಿಗೆ ಹುಲ್ಲು ಹಾಕುತ್ತಿದ್ದ. ತಾಯಿಯನ್ನು ಕಂಡು ಹೊರಗೆ ಹೋದ. ಮುದುಕಿ ಹೊಗೆಯಲ್ಲಿ ಕೂತಿದ್ದಳು.

"ಅತ್ತೆ, ನಿಮ್ಗೂ ಇಬ್ರು ಗಂಡುಮಕ್ಳು. ನನ್ನ ಜಾಗದಲ್ಲಿ ಇದ್ದಿದ್ರೆ ನೀವು ಏನ್ಮಾಡ್ತಿದ್ರಿ?"

"ಹೇಳೋದು ಕಷ್ಟ ಕಣೇ" ಎಂದಳು ಮುದುಕಿ. ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು. "ನಾನೂ ಹಾಗೇ ಮಾಡ್ತಿದ್ನೋ ಏನೋ. ಆದ್ರೆ ಮಾಡಿ ಆದ್ಮೇಲೆ ತಟ್ಟೆ ಹಿಡ್ಕೊಂಡು ಬರ್ತಿರ್ಲಿಲ್ಲ. ನೀನು ಒಲೆ ಕಡೆ ನೋಡ್ತಿದ್ದೆ. ಈಗ್ಲೂ ಅತ್ಲಾಗೇ ನೋಡ್ತಾ ಇರು, ಹೋಗು."

ಸಾಬಿರಾ ತಟ್ಟೆಯನ್ನು ಮೇಲೆ ತಂದಳು. ಮಗನ ಹಾಸಿಗೆ ಮಡಚಿದಂತೆಯೇ ಇತ್ತು. ಅವನು ಅದನ್ನೂ ಬಳಸುತ್ತಿರಲಿಲ್ಲ, ಹುಲ್ಲಿನ ಮೇಲೆ ಮಲಗುತ್ತಿದ್ದ. ಮಗ ಬಂದಿದ್ದ, ಆದರೆ ಹಾಸಿಗೆ ಬಿಸಿಲಿಗೆ ಹಾಕುವುದೂ ಮಡಚುವುದೂ ನಿಂತಿರಲಿಲ್ಲ.

ಆ ಗುರುವಾರ ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಸಂತೆಗೆ ಹೋಗುವವಳಂತೆ, ಮುಖ್ಬಿಲನ ಅಂಗಳಕ್ಕೆ ಹೋದಳು. ಮುದುಕ ಬಿಸಿಲು ಕಾಯಿಸುತ್ತಿದ್ದ. ಇನ್ನೂ ಮೂರು ಜನ ಇದ್ದರು. ಅವರಿದ್ದದ್ದು ಒಳ್ಳೆಯದಾಯಿತು ಎಂದುಕೊಂಡಳು.

"ಹಿಜಾಮ್ ತಿಂದ್ರು. ನಾನು ಬೇಯಿಸಿದ ರೊಟ್ಟಿ. ನಾನು ನೋಡಿದೆ."

"ಅವತ್ತು ಯಾಕೆ ಹೇಳ್ಲಿಲ್ಲ ಮಗಳೇ?"

"ಅವತ್ತು ನನ್ನ ಮಗ ಬಂದಿರ್ಲಿಲ್ಲ."

"ಈಗ ಹೇಳಿದ್ರೆ ಹೋಗ್ತಾನೆ."

"ಗೊತ್ತು. ನನ್ನ ಗಂಡನಿಗೆ ಗೊತ್ತಿರ್ಲಿಲ್ಲ. ಅದನ್ನೂ ಬರ್ಕೊಳ್ಳಿ."

ಮುಖ್ಬಿಲ್ ಕಟ್ಟಳೆ ಹೇಳಿದ. ಗೊತ್ತಿಲ್ಲದೆ ಆದರೂ ಮಸಿ ಮಸಿಯೇ. ಶೇಖ್ ಹನ್ನೊಂದು ಎತ್ತು ಕಡಿಯಬೇಕು. ನಲವತ್ತು ದಿನದೊಳಗೆ ತಮ್ಮನನ್ನು ತಾಯಿಯ ಮುಂದೆ ನಿಲ್ಲಿಸಬೇಕು. ಅಲ್ಲಿಯವರೆಗೆ ಅವನ ಹಿಂದೆ ಯಾರೂ ಬಂದೂಕು ಹಿಡಿಯಬಾರದು. ಮೂವರಲ್ಲೊಬ್ಬ, ಈ ಹೆಂಗಸಿಗೆ ಏನು ದಂಡ ಎಂದು ಕೇಳಿದ. ಕಟ್ಟಳೆಯಲ್ಲಿ ಹೆಂಗಸಿಗೆ ದಂಡವಿಲ್ಲ ಎಂದ ಮುಖ್ಬಿಲ್. ಸಾಬಿರಾ ಸ್ವಲ್ಪ ಹೊತ್ತು ಕಾದು ನಿಂತಳು, ಇನ್ನೇನಾದರೂ ಇದೆಯೇನೋ ಎಂದು. ಇರಲಿಲ್ಲ. ಖಾಲಿ ಬುಟ್ಟಿಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಮನೆಗೆ ಬಂದಳು.

ಮುಜಲ್ಲಿ ಅವಳನ್ನು ಹೊಡೆಯಲಿಲ್ಲ. ತಲಾಖ್ ಎಂಬ ಮಾತು ಎರಡು ಸಲ ನಾಲಿಗೆಗೆ ಬಂದು ಎರಡು ಸಲ ವಾಪಸು ಹೋಯಿತು. ಆ ಹೊತ್ತಿನಲ್ಲಿ ಅವನ ಜೊತೆ ಊಟಕ್ಕೆ ಕೂರುತ್ತಿದ್ದವಳು ಅವಳೊಬ್ಬಳೇ. ಮುನ್ನೂರು ಬಂದೂಕು ಮನೆ ಸೇರಿದ್ದವು. ಹಟ್ಟಿಯಲ್ಲಿದ್ದ ನಾಲ್ಕು ಎತ್ತುಗಳನ್ನು ಕಡಿದ, ಏಳನ್ನು ಕೊಂಡು ಕಡಿದ. ಬಂದೂಕಿಲ್ಲದ ಶೇಖ್ ಕ್ಯಾಪ್ಟನ್ನಿಗೂ ಪ್ರಯೋಜನವಿರಲಿಲ್ಲ. ಆತ ಮತ್ತೆ ಚಹಾ ಕೊಟ್ಟು, ಒಬ್ಬನಿಗೆ ಒಬ್ಬ ಎಂದ. ಹುಡುಗನ ವಿದ್ಯಾಭ್ಯಾಸ ಅರ್ಧಕ್ಕೆ ನಿಂತದ್ದು ತನಗೂ ಬೇಸರ ಎಂದ.

ಜುಬ್ರಾನನಿಗೆ ಯಾರೂ ಹೋಗೆಂದು ಹೇಳಲಿಲ್ಲ. ಅವನೇ ಕಂಬಳಿ ಸುತ್ತಿಕೊಂಡ. ಹೊರಡುವ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಸಾಬಿರಾ ಒಲೆ ಹಚ್ಚಿ ಮೊದಲ ರೊಟ್ಟಿ ಬಡಿದಿದ್ದಳು. ಬಾಗಿಲಲ್ಲಿ ಇದ್ದವನು ಅವನೇ ಆದ್ದರಿಂದ ಹರಿದು ಕೊಟ್ಟಳು. ಅವನು ತೆಗೆದುಕೊಂಡ, ಅರ್ಧ ತಿಂದ, ಅರ್ಧ ಜೇಬಿಗೆ ಹಾಕಿಕೊಂಡ. ಕೋಟೆಯ ಚಳಿಗೆ ಇನ್ನೊಂದು ಕಂಬಳಿ ಬೇಕೇ ಎಂದು ಅವಳು ಕೇಳಿದಳು. ಬೇಡಮ್ಮ ಎಂದ. ಒಂದೂವರೆ ತಿಂಗಳಲ್ಲಿ ಅವನು ಅವಳಿಗೆ ಹೇಳಿದ ಮಾತು ಅದೊಂದೇ.

ಮೂರನೆಯ ದಿನ, ಶುಕ್ರವಾರ, ಹಿಜಾಮ್ ಬಂದ. ಒಂದು ಕಿವಿ ಕೇಳುತ್ತಿರಲಿಲ್ಲ, ಎಡಗೈ ಮೇಲೆತ್ತಲಾಗುತ್ತಿರಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತಿದ್ದ. ಹಿಜಾಮ್ ಅವನ ಭುಜಕ್ಕೆ ಮುತ್ತಿಡದೆ ಪಕ್ಕದಿಂದ ನಡೆದು ಹಸುವಿನ ಕೊಟ್ಟಿಗೆಗೆ ಹೋಗಿ ತಾಯಿಯ ಹಾಸಿಗೆ ಸುತ್ತತೊಡಗಿದ. ನಮಾಜಿನ ಕರೆ ಕೇಳಿತು. ಮೇಲೆ ಸಾಬಿರಾ ಪದರದ ರೊಟ್ಟಿಗೆ ತುಪ್ಪ ಸುರಿದು, ಜೇನು ಸುರಿದು, ತಟ್ಟೆಯನ್ನು ಚಾಪೆಯ ಮೇಲೆ ತಂದಿಟ್ಟಳು. ಆ ದಿನ ಊಟ ಹೊತ್ತಿಗೆ ಸರಿಯಾಗಿ ಸಿದ್ಧವಾಗಿತ್ತು. ಹಿಜಾಮ್ ತಾಯಿಯನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಕಣಿವೆಯಾಚೆಗೆ ಹೋದ. ಆ ಮನೆಯಲ್ಲಿ ಅವನು ಉಣ್ಣಲಿಲ್ಲ.